ಬೆಚ್ಚನೆಯ ಗೋಡೆ

ಯಶವಂತಪುರದ ಕೈಗಾರಿಕಾ ಉಪನಗರದಲ್ಲಿ, ರೈಲ್ವೆ ಗೂಡ್ಸ್ ಯಾರ್ಡಿನ ಹಿಂಭಾಗಕ್ಕಿದ್ದ ಆ ಪ್ರಯೋಗಾಲಯಕ್ಕೆ ಬರುತ್ತಿದ್ದುದು ಹೆಚ್ಚುಪಾಲು ಕಲ್ಲಿದ್ದಲೇ. ಗೋದಾವರಿ ಸೀಮೆಯ ಗಣಿಗಳಿಂದ ವ್ಯಾಗನ್ ತುಂಬಿ ಬಂದದ್ದರಲ್ಲಿ ಒಂದು ಮೂಟೆ ಇಲ್ಲಿಗೆ ಬರುತ್ತಿತ್ತು. ಅದನ್ನು ಜಜ್ಜಿ, ರಾಶಿ ಮಾಡಿ, ನಾಲ್ಕು ಪಾಲು ಹಾಕಿ, ಎರಡು ಪಾಲು ಎಸೆದು, ಮತ್ತೆ ಜಜ್ಜಿ, ಕೊನೆಗೆ ರಾಗಿಹಿಟ್ಟಿನಷ್ಟು ನುಣ್ಣಗಾದ ಒಂದಿಷ್ಟು ಪುಡಿ ಪಿಂಗಾಣಿ ಬಟ್ಟಲಲ್ಲಿ ಮುಸರ್ರತ್‌ಳ ಮೇಜು ಸೇರುತ್ತಿತ್ತು. ಅದರಲ್ಲಿ ತೇವ ಎಷ್ಟು, ಬೂದಿ ಎಷ್ಟು, ಹೊಗೆಯಾಗಿ ಹೋಗುವುದೆಷ್ಟು, ಉರಿದರೆ ಸಿಗುವ ಶಾಖ ಎಷ್ಟು ಎಂದು ನೋಡಿ ಹೇಳುವುದು ಅವಳ ಕೆಲಸ. ಎಂ.ಎಸ್ಸಿ. ಮುಗಿಸಿ ಅವಳು ಅಲ್ಲಿಗೆ ಸೇರಿದಾಗ ಆ ಕಟ್ಟಡದಲ್ಲಿ ಇನ್ನೊಬ್ಬ ಹೆಂಗಸು ಇರಲಿಲ್ಲ. ಆರ್.ಟಿ. ನಗರದ ಮನೆಯಲ್ಲಿ ಅಮ್ಮ ಸುಗ್ರಾ ಮಗಳ ಉಗುರುಸಂದಿಯ ಕಪ್ಪು ನೋಡಿ ಮೊದಮೊದಲು ಗೊಣಗುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಿದ್ದಳು.

೧೯೮೨ರ ಡಿಸೆಂಬರಿನಲ್ಲಿ ರಾಜಾನುಕುಂಟೆಯ ಆಚೆಯ ಒಂದು ಹೆಂಚಿನ ಕಾರ್ಖಾನೆಯಿಂದ ಒಂದು ಮೂಟೆ ಬಂತು. ಕಾರ್ಖಾನೆಯ ಯಜಮಾನ ದೊಡ್ಡಮುನಿಯಪ್ಪ. ಬೇಸಾಯದ ಮನೆತನದವನು, ತನ್ನ ಜಮೀನಿನ ಜೇಡಿಮಣ್ಣಿನಲ್ಲೇ ಹೆಂಚು ಸುಡುವ ಗೂಡು ಕಟ್ಟಿಸಿ ಮೇಲೆ ಬಂದವನು. ಮಳೆಗಾಲದಲ್ಲಿ ಕೊಂಡ ಇದ್ದಲು ಆಗ ಧಗಧಗ ಉರಿಯುತ್ತಿತ್ತು, ಈಗ ಅದೇ ರಾಶಿಯಿಂದ ಎಷ್ಟು ಸುರಿದರೂ ಗೂಡಿಗೆ ಕಾವು ಏರುತ್ತಿಲ್ಲ, ಹೆಂಚು ಅರೆಬೆಂದು ಬರುತ್ತಿದೆ ಎಂಬುದು ಅವನ ದೂರು. ಇದ್ದಲಿನ ವ್ಯಾಪಾರಿ ಲೋಡಿನ ನಡುವೆ ಬೇರೆ ಮಾಲು ಬೆರೆಸಿದ್ದಾನೆಂದು ಅವನ ಅನುಮಾನ.

ಮಳೆಗಾಲದಲ್ಲಿ ಆ ಇದ್ದಲನ್ನು ಪರೀಕ್ಷಿಸಿದವಳೂ ಮುಸರ್ರತ್‌ಳೇ. ಹೊಸದಾಗಿ ತೆರೆದ ಗಣಿಯ ಮಾಲು. ಬೂದಿ ಕಡಿಮೆ, ಶಾಖ ಹೆಚ್ಚು. ಒಳ್ಳೆಯ ಇದ್ದಲೆಂದು ಅವಳೇ ಬರೆದುಕೊಟ್ಟಿದ್ದಳು. ಈಗಿನದನ್ನು ಕುಲುಮೆಯಲ್ಲಿಟ್ಟು ಸುಟ್ಟು ನೋಡಿದರೆ ಬೂದಿ ಆಗಿನಷ್ಟೇ, ಅದೇ ಇಟ್ಟಿಗೆ ಬಣ್ಣ, ಗಂಧಕವೂ ಅಷ್ಟೇ. ಮಾಲು ಬದಲಾಗಿದ್ದರೆ ಬೂದಿ ಹೀಗೆ ಸರಿಹೊಂದುತ್ತಿರಲಿಲ್ಲ. ಆದರೆ ಉಕ್ಕಿನ ಗಟ್ಟಿ ಡಬ್ಬಿಯಲ್ಲಿ ಪುಡಿಯಿಟ್ಟು ಆಮ್ಲಜನಕ ತುಂಬಿ, ಸುತ್ತ ನೀರಿಟ್ಟು, ಒಳಗೆ ಕಿಡಿ ಹಾರಿಸಿ ನೋಡಿದಾಗ, ನೀರು ಆಗಿನಷ್ಟು ಬಿಸಿಯಾಗಲಿಲ್ಲ. ಮತ್ತೆ ಮಾಡಿದಳು. ಮತ್ತೂ ಅಷ್ಟೇ. ಸುಮಾರು ಐದರಲ್ಲೊಂದು ಪಾಲು ಶಾಖ ಎಲ್ಲಿಗೋ ಹೋಗಿತ್ತು.

ಪ್ರಯೋಗಾಲಯದ ಮುಖ್ಯಸ್ಥ ವಾಜಿದ್ ಸಾಹೇಬರು ಕನ್ನಡಕ ಹಣೆಗೇರಿಸಿ ಅಂಕಿಗಳನ್ನು ನೋಡಿದರು. "ಬಿಸಿಲು ಮಳೆಗೆ ಸವೆದಿದೆ. ಹೊಸ ಗಣಿ ಮಾಲು ಹೀಗೇ."

"ಮಳೆಗೆ ಇಷ್ಟೊಂದು ಹೋಗಲ್ಲ ಸರ್. ಇದು ಆಗಲೇ ಉರಿದಿದೆ. ನಿಧಾನವಾಗಿ, ಹೊಗೆ ಬಿಡದೆ. ಇನ್ನೂ ಉರೀತಾ ಇರಬಹುದು."

ಅನುಮಾನ ತೀರಿಸಿಕೊಳ್ಳಲು ಅವಳು ಇನ್ನೊಂದು ಪರೀಕ್ಷೆ ಮಾಡಿದಳು. ಗಾಜಿನ ಕೊಳವೆಯಲ್ಲಿ ಇದ್ದಲಿನ ಪುಡಿ ಹಾಕಿ, ಅದನ್ನು ಬಿಸಿ ದ್ರವದಲ್ಲಿ ಮುಳುಗಿಸಿ, ಒಳಗೆ ಗಾಳಿ ಹರಿಸುತ್ತ ಹೋಗುವುದು. ಮೊದಮೊದಲು ದ್ರವವೇ ಹೆಚ್ಚು ಬಿಸಿ, ಇದ್ದಲು ಹಿಂದೆ. ಒಂದು ಘಟ್ಟದಲ್ಲಿ ಇದ್ದಲು ದ್ರವವನ್ನು ಹಿಂದೆ ಹಾಕಿ ತಾನೇ ಬಿಸಿಯಾಗತೊಡಗುತ್ತದೆ. ಅಲ್ಲಿಂದಾಚೆ ಅದಕ್ಕೆ ಹೊರಗಿನ ಬೆಂಕಿ ಬೇಡ. ಆ ಘಟ್ಟ ಎಷ್ಟು ಬೇಗ ಬರುತ್ತದೋ ಇದ್ದಲು ಅಷ್ಟು ಅಪಾಯದ್ದು. ಈ ಇದ್ದಲಿನಷ್ಟು ಬೇಗ ಆ ಘಟ್ಟ ಮುಟ್ಟಿದ್ದನ್ನು ಮುಸರ್ರತ್ ಅದುವರೆಗೆ ನೋಡಿರಲಿಲ್ಲ. ವಾಜಿದ್ ಸಾಹೇಬರೂ ನಿಂತು ನೋಡಿದರು. ಕಾರ್ಖಾನೆಗೆ ಫೋನು ಹಚ್ಚಿದರೆ ಲೈನು ಸತ್ತಿತ್ತು.

"ಬೆಳಿಗ್ಗೆ ನೀನೇ ಹೋಗಿ ಬಾ ಬೇಟಾ," ಎಂದರು. "ರಾಶಿ ಕರಗಿಸಿ ಅಂತ ಹೇಳು. ಕೇಳೋವರೆಗೆ ಬಿಡಬೇಡ."

ಯಲಹಂಕ ದಾಟಿದ ಮೇಲೆ ದೊಡ್ಡಬಳ್ಳಾಪುರದ ಬಸ್ಸಿನೊಳಗೂ ಚಳಿ ಕೊರೆಯುತ್ತಿತ್ತು. ಕಾರ್ಖಾನೆ ಮುಂದೆ ಇಳಿದಾಗ ದೊಡ್ಡಮುನಿಯಪ್ಪನೇ ಶಾಲು ಹೊದ್ದು ಎದುರಿಗೆ ಬಂದ. ಐವತ್ತು ದಾಟಿದ ಗಟ್ಟಿ ಆಳು. ಹೆಣ್ಣುಮಗಳೊಬ್ಬಳು ಬಂದಿದ್ದಕ್ಕೆ ತಬ್ಬಿಬ್ಬಾಗಿ, "ಕಾಫಿ ತಗೊಳ್ಳಿ ಮೊದ್ಲು," ಎಂದ.

"ಮೊದಲು ರಾಶಿ ತೋರಿಸಿ."

ಇದ್ದಲಿನ ಕೊಟ್ಟಿಗೆಯನ್ನು ಅವನು ಹೆಮ್ಮೆಯಿಂದಲೇ ತೋರಿಸಿದ. ಆ ವರ್ಷ ವ್ಯಾಗನ್ ಸಿಗುವುದೇ ಕಷ್ಟವಾಗಿತ್ತು, ಸಿಕ್ಕಾಗ ಒಂದೇ ಸಲಕ್ಕೆ ತರಿಸಿ ಸೂರಿನವರೆಗೆ ಒಟ್ಟಿಸಿದ್ದ. ಮಳೆ ತಾಗದಿರಲೆಂದು ಮೂರು ಕಡೆ ತಗಡು ಬಿಗಿಸಿದ್ದ. ನಾಲ್ಕನೆಯ ಕಡೆ ಮಣ್ಣು ಮೆತ್ತಿದ ಕಲ್ಲುಗೋಡೆ. ಒಳಗೆ ಕಾಲಿಟ್ಟೊಡನೆ ಮುಸರ್ರತ್‌ಗೆ ಸೀಮೆಎಣ್ಣೆಯದೋ ಕೊಳೆತ ಹಣ್ಣಿನದೋ ಅನ್ನಿಸುವ ತೆಳುವಾದ ವಾಸನೆ ಬಡಿಯಿತು. ತಗಡಿನ ಒಳಮೈ ಬೆವರಿಟ್ಟಿತ್ತು. ರಾಶಿಯ ನೆತ್ತಿಯಲ್ಲಿ ಗಾಳಿ ಸಣ್ಣಗೆ ಅದುರುತ್ತಿತ್ತು.

ಉದ್ದನೆಯ ಕಬ್ಬಿಣದ ಸಲಾಕೆಯೊಂದನ್ನು ತರಿಸಿ ರಾಶಿಯ ಹೊಟ್ಟೆಗೆ ಹೊಡೆಸಿದಳು. ಕಾಫಿ ಕುಡಿಯುವಷ್ಟು ಹೊತ್ತು ಹಾಗೇ ಬಿಟ್ಟು ಎಳೆಸಿದಳು. ಎಳೆದ ಆಳು "ಅಯ್ಯಪ್ಪಾ" ಎಂದು ಕೈ ಕೊಡವಿ ಅದನ್ನು ಕೆಳಗೆ ಬಿಟ್ಟ. ದೊಡ್ಡಮುನಿಯಪ್ಪ ಬಗ್ಗಿ ಸಲಾಕೆಯ ತುದಿಗೆ ಉಗಿದ. ಚುರ್ ಎಂದಿತು. ಅವನ ಮುಖ ಇಳಿದುಹೋಯಿತು.

"ಒಳಗೆ ಬೆಂಕಿ ಐತಾ?"

"ಬೆಂಕಿಯ ಹಿಂದಿನ ಹಂತ ಸರ್. ಗಾಳಿ ಸಾಲದೆ ಒಳಗೊಳಗೇ ಬೇಯ್ತಿದೆ. ಅದು ಬಿಡೋ ವಿಷದ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮಗೆ ಬರ್ತಿರೋ ವಾಸನೆ ಬೇರೆಯದು." ಅವಳು ಕಲ್ಲುಗೋಡೆಯ ಕಡೆ ತಿರುಗಿದಳು. ಗೋಡೆಯ ತಲೆಯಲ್ಲಿ, ಸೂರಿನ ಕೆಳಗೆ, ಒಂದೆರಡು ಕಲ್ಲು ಬಿಟ್ಟು ಬೆಳಕಿಗೆ ಕಿಂಡಿ ಇಟ್ಟಿದ್ದರು. ರಾಶಿ ಆ ಕಿಂಡಿಯವರೆಗೂ ಏರಿತ್ತು. "ಇದರಾಚೆ ಏನಿದೆ?"

"ವಾಚ್‌ಮನ್ ರೂಮು. ಮುನಿರಾಮಯ್ಯ ಅಂತಿದ್ದ, ಪಾಪ ಹೋದ ತಿಂಗಳು ತೀರ್ಕೊಂಡ. ಅವನ ಹೆಂಡ್ತಿ ಅವಳೆ. ಬಾಣಂತಿ ಮಗಳನ್ನ ಕರ್ಕಂಡು ಬಂದವ್ಳೆ. ನಾನೇ ಇರು ಅಂದೆ. ಚಳೀಲಿ ಆ ಗೋಡೆ ಬೆಚ್ಚಗಿರುತ್ತೆ ನೋಡಿ."

ಮುಸರ್ರತ್ ಅವನ ಮಾತು ಮುಗಿಯುವ ಮೊದಲೇ ಹೊರಗೆ ನಡೆದಿದ್ದಳು.

ಕೋಣೆ ಸಣ್ಣದು. ಬಾಗಿಲ ಬಳಿ ಗೋಪಾಲಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಲವತ್ತೈದರ ಸುಮಾರು, ಬರಿಗೈ, ಬರಿಹಣೆ. ಒಳಗೆ ಬೆಚ್ಚನೆಯ ಗೋಡೆಗೆ ತಾಗಿಸಿ ಹಾಸಿದ ಚಾಪೆಯಲ್ಲಿ ಮಗಳು ಲಕ್ಷ್ಮಿದೇವಮ್ಮ ಹಣೆಗೆ ಬಟ್ಟೆ ಬಿಗಿದು ಮಲಗಿದ್ದಳು, ಪಕ್ಕದಲ್ಲಿ ಕೂಸು. ಇದ್ದ ಒಂದು ಕಿಟಕಿಗೆ ಗೋಣಿತಾಟು ತುರುಕಿತ್ತು. ಗೋಡೆಯ ಗೂಡಿನಲ್ಲಿ ಒಂದು ದೀಪ ಉರಿಯುತ್ತಿತ್ತು.

"ಏನಾಗಿದೆ ಇವರಿಗೆ?" ಎಂದು ಮುಸರ್ರತ್ ಕೇಳಿದಳು.

"ಬಾಣಂತಿ ಅಲ್ವಾ, ಇಂಗೇ ಆಯ್ತದೆ. ಬೆಳಗೆದ್ರೆ ತಲೆ ಸಿಡಿತದೆ ಅಂತಾಳೆ, ವಾಂತಿ ಮಾಡ್ಕಂತಾಳೆ. ಮಧ್ಯಾಹ್ನ ಆಚೆ ಕುಂತ್ರೆ ಸರಿಹೋಯ್ತಾಳೆ. ನಂಗೇನಿಲ್ಲ, ಬಾಗ್ಲು ಓರೆ ಮಾಡ್ಕಂಡು ಒಸ್ಲು ತಾವ ಮಲೀಕ್ಕಂತೀನಿ." ಗೋಪಾಲಮ್ಮ ಕೂಸಿನ ಕಡೆ ನೋಡಿ ನಕ್ಕಳು. "ಇದು ಬಂಗಾರದಂತ ಮಗ. ಅಳೋದೇ ಇಲ್ಲ. ಯಾವಾಗ್ಲೂ ನಿದ್ದೆ."

ಮುಸರ್ರತ್ ಬಗ್ಗಿ ಕೂಸಿನ ಮುಖ ನೋಡಿದಳು. "ಮಗೂನ ಒಂಚೂರು ಬಿಸಿಲಿಗೆ ಹಿಡ್ಕೊಳ್ಳಲಾ?" ಎಂದು ಉತ್ತರಕ್ಕೆ ಕಾಯದೆ ಎತ್ತಿಕೊಂಡಳು. ಲಕ್ಷ್ಮಿದೇವಮ್ಮನಿಗೂ ತೋಳು ಕೊಟ್ಟು ಎಬ್ಬಿಸಿ ಅಂಗಳಕ್ಕೆ ತಂದಳು. ಕೂಸಿನ ಕೆನ್ನೆ ಕೆಂಪಗಿತ್ತು, ಕೈಕಾಲು ಸೋತು ಜೋತಿದ್ದವು. ಹೊರಗಿನ ತಣ್ಣನೆಯ ಗಾಳಿಗೆ ಅದನ್ನು ಎದೆಗವಚಿಕೊಂಡು ಅತ್ತಿಂದಿತ್ತ ನಡೆದಾಡಿದಳು. ಬಹಳ ಹೊತ್ತಿನ ಮೇಲೆ ಅದು ಮೂಗು ಸೊಟ್ಟ ಮಾಡಿ, ಮುಲುಕಿ, ಸಣ್ಣಗೆ ಅಳಲು ಶುರುಮಾಡಿತು. ಆ ಅಳು ಕೇಳಿದ ಮೇಲೆಯೇ ಅವಳು ಜಗಲಿಯ ಮೇಲೆ ಕುಳಿತಳು.

ಗೋಪಾಲಮ್ಮನಿಗೆ ಇದೊಂದೂ ಗೊತ್ತಿಲ್ಲ. ಪಕ್ಕದಲ್ಲಿ ಕೂತು, ಬಂದವಳು ಯಾರೋ ಒಳ್ಳೆಯ ಹುಡುಗಿ ಎಂಬ ಸಲಿಗೆಯಿಂದ ಗಂಡನ ವಿಷಯ ತೆಗೆದಳು.

"ನಮ್ಮೆಜಮಾನ್ರು ಆ ಗೋಡೆ ತಾವೇ ಒಂಟೋದ್ರು ಮೇಡಮ್ಮೋರೆ. ನಾನು ಇವಳ್ ಹೆರಿಗೆ ಅಂತ ಊರಿಗೋಗಿದ್ದೆ. ಚಳಿ ಅಂತ ಓಗೋವಾಗ ಕಿಟಕಿಗೆ ನಾನೇ ತಾಟು ತುರುಕಿ, ಬಾಗ್ಲು ಬಿಗಿಯಾಗಿ ಹಾಕ್ಕಂಡು ಮಲೀಕ್ಕಳಿ ಅಂತ ಯೋಳಿ ಓಗಿದ್ದೆ. ಬೆಳಗ್ಗೆ ಆಳುಗಳು ಬಂದು ನೋಡಿದ್ರೆ ಮಲಗ್ದಂಗೇ ಅವ್ರೆ. ಮುಖ ನೋಡ್ಬೇಕಿತ್ತು ನೀವು. ಕಪ್ಪಗಿದ್ದ ಮನ್ಸ, ಕೆನ್ನೆ ತುಟಿ ಎಲ್ಲ ಕೆಂಪಗೆ ಕಳಕಳ ಅಂತಿತ್ತು, ಮದುವೆ ದಿನ ಅಂಗಿದ್ರು. ಊರಿನೋರೆಲ್ಲ ಕೈ ಮುಗುದ್ರು. ಪುಣ್ಯವಂತ, ದೇವ್ರು ಬಂದು ಕರ್ಕಂಡೋಗವ್ನೆ ಅಂದ್ರು. ಅದುಕ್ಕೇ ಆ ಗೂಡಿಗೆ ದೀಪ ಇಕ್ಕಿವ್ನಿ. ಮೊಮ್ಮಗೀನೂ ಅವ್ರ್ ನೆಳ್ಳಲ್ಲೇ ಇರ್ಲಿ ಅಂತ ಇಲ್ಲಿಗೇ ತಂದೆ."

ಮುಸರ್ರತ್ ತಲೆ ತಗ್ಗಿಸಿ ಮಗುವಿನ ಅಂಗೈ ತಿಕ್ಕುತ್ತಿದ್ದಳು. ಆ ಅನಿಲ ರಕ್ತಕ್ಕೆ ಸೇರಿದರೆ ರಕ್ತ ಹಣ್ಣಿನ ಕೆಂಪಾಗುತ್ತದೆಂದು ಅವಳು ಓದಿದ್ದಳು. ಸತ್ತವರ ಮುಖ ಜೀವಂತರಿಗಿಂತ ಕಳೆಯಾಗಿ ಕಾಣುತ್ತದೆಂದೂ ಓದಿದ್ದಳು. "ಇಲ್ಲಿ ಇದ್ದಲಿನ ಕೆಟ್ಟ ಗಾಳಿ ಇದೆ ಅಮ್ಮ. ತಾಯಿ ಮಗೂನ ಒಂದ್ಸಲ ಡಾಕ್ಟರಿಗೆ ತೋರಿಸೋಣ," ಎಂದಷ್ಟೇ ಹೇಳಿದಳು.

ದೊಡ್ಡಮುನಿಯಪ್ಪನ ಜೀಪಿನಲ್ಲಿ ಅವರನ್ನು ಯಲಹಂಕದ ಆಸ್ಪತ್ರೆಗೆ ಕರೆದೊಯ್ದರು. ಮುಸರ್ರತ್ ಹೇಳಿದ್ದನ್ನು ಕೇಳಿ ಡಾಕ್ಟರು ತಾಯಿ ಮಗುವನ್ನು ಅಲ್ಲೇ ಇರಿಸಿಕೊಂಡರು. ಇನ್ನಷ್ಟು ದಿನ ಆ ಕೋಣೆಯಲ್ಲಿದ್ದಿದ್ದರೆ ಕಷ್ಟವಿತ್ತು ಎಂದರು. ಮಗಳ ಜೊತೆ ಗೋಪಾಲಮ್ಮ ನಿಂತಳು. ವಾಪಸು ಬರುವಾಗ ಕೆರೆ ಏರಿಯ ಹತ್ತಿರ ದೊಡ್ಡಮುನಿಯಪ್ಪ ಜೀಪು ನಿಲ್ಲಿಸಿದ.

"ಹಂಗಾದ್ರೆ ನಮ್ ಮುನಿರಾಮಯ್ಯ…"

ಮುಸರ್ರತ್ ಹೌದೆಂದು ತಲೆಯಾಡಿಸಿದಳು.

ಅವನು ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಆಮೇಲೆ, "ನಾವಿಬ್ರೂ ಒಂದೇ ಬಾವೀಲಿ ಈಜು ಕಲ್ತವ್ರು," ಎಂದ. "ನೋಡಿ ತಾಯಿ, ಬೆಂಕಿ ನಾಳೇನೇ ತೆಗೆಸ್ತೀನಿ. ರೂಮು ಕೆಡವಿಸ್ತೀನಿ. ಆದ್ರೆ ಅವಳಿಗೆ ಹೇಳ್ಬೇಡಿ. ಆ ತಾಟು ತುರುಕಿದ್ದು ಅವಳೇ. ಗೊತ್ತಾದ್ರೆ ಬದುಕ್ತಾಳಾ ಅವಳು?"

ಅವನು ತನ್ನ ಮಾನ ಉಳಿಸಿಕೊಳ್ಳಲು ಹೇಳುತ್ತಿದ್ದಾನೋ, ಅವಳ ಮೇಲಿನ ಕನಿಕರಕ್ಕೋ, ಮುಸರ್ರತ್‌ಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಸಂಜೆ ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕುಳಿತಳು. ಸುಗ್ರಾ ಕೇಳಿ ಕೇಳಿ ವಿಷಯ ತೆಗೆಸಿದಳು. ತಾಯಿ ಮಗಳು ಮನೆಯಲ್ಲಾಡುವ ಉರ್ದುವಿನಲ್ಲಿ ಆ ಮಾತು ಇನ್ನೂ ಭಾರವಾಗಿ ಕೇಳಿಸಿತು.

"ಹೇಳಬೇಡ," ಎಂದಳು ಸುಗ್ರಾ. "ನಿನ್ನ ಅಬ್ಬಾ ಹೋದಾಗ, ಆಸ್ಪತ್ರೆಗೆ ಸ್ವಲ್ಪ ಮುಂಚೆ ಕರೆತಂದಿದ್ದರೆ ಅಂತ ಯಾರೋ ಅಂದರು. ಇವತ್ತಿಗೂ ನಾನು ಆ ಮಾತು ನೆನೆಸಿಕೊಂಡು ಏಳುತ್ತೇನೆ. ಅವರು ಅನ್ನದೆ ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತು?"

"ಅದು ಸುಳ್ಳಾಗಿತ್ತಾ ಅಮ್ಮಿ?"

"ನಿಜವೇ ಆಗಿತ್ತು. ಅದಕ್ಕೇ ನಿನಗೆ ಹೇಳಬೇಡ ಅಂದದ್ದು."

ಮುಸರ್ರತ್ ಹೇಳಬಾರದೆಂದೇ ತೀರ್ಮಾನಿಸಿ ಮಲಗಿದಳು.

ಮಾರನೆಯ ದಿನ ವಾಜಿದ್ ಸಾಹೇಬರೂ ಅವಳ ಜೊತೆ ಹೊರಟರು. ಕಾರ್ಖಾನೆಯಲ್ಲಿ ತಗಡು ಕಳಚುತ್ತಿದ್ದರು. ನೀರಿನ ಪೀಪಾಯಿಗಳು, ಮರಳಿನ ಗುಡ್ಡೆಗಳು ಸಾಲಾಗಿದ್ದವು. ಎಲ್ಲಿಂದ ತೋಡಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ವಾಜಿದ್ ಸಾಹೇಬರು ಆಳುಗಳಿಗೆ ವಿವರಿಸುತ್ತಿರುವಾಗ ಒಬ್ಬ ಓಡಿಬಂದು ಗೋಪಾಲಮ್ಮ ಕೋಣೆಯೊಳಗೆ ಇದ್ದಾಳೆ, ಹೊರಗೆ ಬಾ ಅಂದರೆ ಬರುವುದಿಲ್ಲ ಎಂದ. ಮೊದಲ ಬಸ್ಸಿಗೇ ಬಂದುಬಿಟ್ಟಿದ್ದಳಂತೆ.

ಮುಸರ್ರತ್ ಹೋಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟು ನಿಂತಳು. ಗೋಪಾಲಮ್ಮ ನೆಲ ಸಾರಿಸುತ್ತಿದ್ದಳು. ದೀಪಕ್ಕೆ ಹೊಸ ಬತ್ತಿ ಹಾಕಿಯಾಗಿತ್ತು.

"ಆಚೆ ಬನ್ನಿ ಅಮ್ಮ. ಈ ಗೋಡೆ ಬೀಳಿಸ್ತಾರೆ ಇವತ್ತು."

"ಸಾವ್ಕಾರ್ರು ಬೀಳ್ಸಲಿ. ನಾನು ಇನ್ನೊಂದು ಗೋಡೆ ಎಬ್ಬಿಸ್ಕಂತೀನಿ. ಇದು ನಮ್ಮೆಜಮಾನ್ರು ದೇವ್ರಾದ ಜಾಗ. ನಾಳೆ ಮಗಳನ್ನ ಬಿಡ್ತಾರಂತೆ, ಇಲ್ಲೇ ತಂದು ಮಲಗಿಸ್ತೀನಿ. ಡಾಕ್ಟ್ರು ಏನಾರ ಯೋಳ್ಲಿ, ಅವ್ರಿಗೇನ್ ಗೊತ್ತು. ನಮ್ಮೆಜಮಾನ್ರು ಕಾಪಾಡೋದಿಲ್ವಾ ನಮ್ಮುನ್ನ?"

ಮುಸರ್ರತ್ ಒಂದು ಕ್ಷಣ ಹೊಸ್ತಿಲ ಮೇಲೆ ನಿಂತಳು. ಈ ಗೋಡೆ ಬಿದ್ದರೆ ಇವಳು ಇಂಥದೇ ಇನ್ನೊಂದು ಮೂಲೆ ಹುಡುಕುತ್ತಾಳೆ, ಕಿಟಕಿ ಮುಚ್ಚುತ್ತಾಳೆ, ಮಗುವನ್ನು ತಂದು ಮಲಗಿಸುತ್ತಾಳೆ. ಒಳಗೆ ಹೋಗಿ ಅವಳ ಕೈಯಿಂದ ಸಾರಣೆಯ ಬಟ್ಟೆ ತೆಗೆದಿಟ್ಟು, ಮೊಣಕೈ ಹಿಡಿದು ಅಂಗಳಕ್ಕೆ ಕರೆತಂದಳು. ಹೊಂಗೆ ಮರದ ಕೆಳಗೆ ಇಬ್ಬರೂ ಕುಳಿತರು.

"ನಾನು ಒಂದು ಮಾತು ಹೇಳ್ತೀನಿ ಗೋಪಾಲಮ್ಮ. ಪೂರ್ತಿ ಕೇಳಿ. ಆಮೇಲೆ ನನ್ನ ಬೈದರೂ ಸರಿ." ಅವಳು ಗೋಡೆಯ ಕಡೆ ಕೈ ತೋರಿಸಿದಳು. "ನಿಮ್ಮ ಯಜಮಾನ್ರು ಹೋಗಿದ್ದು ಈ ಇದ್ದಲಿನ ಗಾಳಿಯಿಂದ. ಗೋಡೆ ಆಚೆ ಇದ್ದಲು ಒಳಗೊಳಗೇ ಸುಡ್ತಾ ಇತ್ತು. ಅದರ ಗಾಳಿ ಆ ಕಿಂಡಿಯಿಂದ ರೂಮಿಗೆ ಇಳೀತು. ಅದು ಕಾಣಲ್ಲ, ವಾಸನೆ ಬರಲ್ಲ. ರಕ್ತಕ್ಕೆ ಸೇರಿದ್ರೆ ಮೈಯೆಲ್ಲ ಕೆಂಪಾಗುತ್ತೆ. ನೀವು ನೋಡಿದ ಕಳೆ ಅದೇ. ನಿನ್ನೆ ನಿಮ್ಮ ಮೊಮ್ಮಗನ ಕೆನ್ನೇಲೂ ಅದೇ ಇತ್ತು."

ಗೋಪಾಲಮ್ಮ ಅವಳನ್ನೇ ನೋಡುತ್ತಿದ್ದಳು.

"ನೋವಾಯ್ತಾ ಅವ್ರಿಗೆ?"

"ಇಲ್ಲ ಅಮ್ಮ. ನಿದ್ದೆಯಲ್ಲೇ ಹೋಗಿರ್ತಾರೆ. ಅದು ಮಾತ್ರ ನಿಜ."

ಗೋಪಾಲಮ್ಮನ ಕಣ್ಣು ನಿಧಾನವಾಗಿ ಕಿಟಕಿಯ ಕಡೆ ಹೋಯಿತು. ತಾಟು ಇನ್ನೂ ಅಲ್ಲೇ ಇತ್ತು. ಅವಳ ಬಾಯಲ್ಲಿ ಆ ಮಾತು ಬಾರದಿರಲೆಂದು ಮುಸರ್ರತ್ ಮನಸ್ಸಿನಲ್ಲೇ ಬೇಡಿಕೊಂಡಳು. ಆದರೆ ಗೋಪಾಲಮ್ಮ ಹೇಳಿಯೇಬಿಟ್ಟಳು. "ತಾಟು ನಾನೇ ಇಕ್ಕಿದ್ದು. ಬಾಗ್ಲೂ ಹಾಕ್ಕಳಿ ಅಂದಿದ್ದು ನಾನೇ. ಮಗೀನೂ ತಂದು ನಾನೇ…"

"ಚಳೀಲಿ ಗಂಡನ ಬಗ್ಗೆ ಕಾಳಜಿ ಇರೋ ಯಾರಾದ್ರೂ ಅದನ್ನೇ ಮಾಡೋದು. ಈ ಇದ್ದಲು ಒಳ್ಳೇದು ಅಂತ ಬರೆದುಕೊಟ್ಟವಳು ನಾನು. ಶಾಖ ನೋಡಿದೆ, ಬೂದಿ ನೋಡಿದೆ. ಇದು ತಾನಾಗೇ ಹತ್ಕೊಳ್ಳುತ್ತಾ ಅಂತ ಆಗ ಯಾರೂ ಕೇಳ್ಲಿಲ್ಲ, ನಾನೂ ನೋಡ್ಲಿಲ್ಲ."

ಇಬ್ಬರ ಹಿಂದೆ ದೊಡ್ಡಮುನಿಯಪ್ಪ ಬಂದು ನಿಂತದ್ದು ಅವರಿಗೆ ಗೊತ್ತಾಗಿರಲಿಲ್ಲ. ಅವನು ಶಾಲು ತೆಗೆದು ಕೈಯಲ್ಲಿ ಹಿಡಿದಿದ್ದ.

"ಗೋಪಾಲೂ," ಎಂದ. ಅವಳು ಮುನಿರಾಮಯ್ಯನನ್ನು ಮದುವೆಯಾಗಿ ಬಂದ ಹೊಸತರಲ್ಲಿ ಅವನು ಹಾಗೆ ಕರೆಯುತ್ತಿದ್ದನೇನೋ, ಅವಳು ಬೆಚ್ಚಿ ತಿರುಗಿದಳು. "ರಾಶಿ ಸೂರಿನ್ಗಂಟ ಹಾಕ್ಸಿದ್ದು ನಾನು. ತಗಡು ಬಡಿಸಿದ್ದು ನಾನು. ಗೋಡೆ ಬೆಚ್ಚಗಾದಾಗ ಯಾಕಾಯ್ತು ಅಂತ ಒಂದ್ಸಲ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ನಿಂಗೆ ಹೇಳ್ಬೇಡಿ ಅಂತ ಈವಮ್ಮನ ಕೈಲಿ ಬೇಡ್ಕಂಡಿದ್ದೂ ನಾನೇ. ಬೈಯೋದಾದ್ರೆ ನನ್ನ ಬೈ."

ಗೋಪಾಲಮ್ಮ ಯಾರನ್ನೂ ಬೈಯಲಿಲ್ಲ. ಎದ್ದು ಹೋಗಿ ಕಿಟಕಿಯ ತಾಟನ್ನು ಎರಡು ಕೈಯಲ್ಲಿ ಕಿತ್ತು ಅಂಗಳಕ್ಕೆ ಎಸೆದಳು. ದೀಪವನ್ನು ಎತ್ತಿ ತಂದು, ಆರಿಸಿ, ಮರದ ಬುಡದಲ್ಲಿಟ್ಟಳು. ಆಮೇಲೆ ಆಳುಗಳಿಗೆ ಬೆನ್ನು ಮಾಡಿ ಕುಳಿತವಳು ಸಂಜೆವರೆಗೂ ಕದಲಲಿಲ್ಲ. ಊಟ ತಂದಿಟ್ಟರೆ ಮುಟ್ಟಲಿಲ್ಲ. ಮುಸರ್ರತ್ ಹತ್ತಿರ ಹೋದಾಗ "ನೀವು ಓಗಿ" ಎಂದಳು, ಅಷ್ಟೇ.

ರಾಶಿ ತೆಗೆಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಹೊರಪದರ ಎಳೆದೊಡನೆ ಒಳಗಿನದಕ್ಕೆ ಗಾಳಿ ತಾಗಿ ನೀಲಿ ನಾಲಗೆಗಳು ಎದ್ದವು. ಒದ್ದೆ ಬಟ್ಟೆ ಮೂಗಿಗೆ ಕಟ್ಟಿದ ಆಳುಗಳು ಸ್ವಲ್ಪ ಸ್ವಲ್ಪ ಹೊತ್ತಿಗೆ ಬದಲಾಗುತ್ತ, ಕೆಂಡವಾದದ್ದನ್ನು ಎಳೆದು ಹೊಲದಲ್ಲಿ ತೆಳ್ಳಗೆ ಹರಡಿ ನೀರು ಹಾಕುತ್ತಿದ್ದರು. ದೊಡ್ಡಮುನಿಯಪ್ಪ ಪಂಚೆ ಮೇಲೆ ಕಟ್ಟಿ ತಾನೂ ಸಲಿಕೆ ಹಿಡಿದ. ಹುಬ್ಬು ಸುಟ್ಟುಕೊಂಡರೂ ಬಿಡಲಿಲ್ಲ. ಗೋಡೆಯ ಬುಡದಲ್ಲಿ ಇದ್ದಲು ಪೂರ್ತಿ ಬೆಂದು ಇಟ್ಟಿಗೆ ಬಣ್ಣದ ಬೂದಿಯಾಗಿತ್ತು. ಮಾರನೆಯ ದಿನ ಬೆಂಕಿ ಪೂರ್ತಿ ಹತೋಟಿಗೆ ಬಂದ ಮೇಲೆ ಗೋಡೆಗೆ ಹಾರೆ ಹಾಕಿದರು. ಕಲ್ಲುಗಳು ಬಿಸಿಯಿಂದ ಬಿರುಕು ಬಿಟ್ಟಿದ್ದವು, ಒಂದೆರಡು ಏಟಿಗೇ ಕುಸಿದವು.

ಆ ಗಣಿಯ ಇದ್ದಲು ಇನ್ನೂ ಕೆಲವರಿಗೆ ಹೋಗಿತ್ತು. ವಾಜಿದ್ ಸಾಹೇಬರು ವ್ಯಾಪಾರಿಯನ್ನು ಹಿಡಿದು ಎಲ್ಲೆಲ್ಲಿಗೆಂದು ಕೇಳಿಕೊಂಡು ಒಬ್ಬೊಬ್ಬರಿಗೂ ಹೇಳಿ ಕಳಿಸಿದರು. ಕೆಲವರು ಹೆದರಿ ರಾಶಿ ಕರಗಿಸಿದರು. ಯಶವಂತಪುರದ ಮಂಡಿಯ ಹಿಂದಿನ ಒಂದು ಗೋದಾಮಿನವರು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಸರ್ರತ್ ತಾನೇ ಹೋಗಿ ನೋಡಿದಳು. ಇದ್ದಲು ತುಂಬಿದ ಗೋದಾಮಿಗೆ ಅಂಟಿಕೊಂಡ ಹಲಗೆಯ ಕೋಣೆಯಲ್ಲಿ ಮಂಡಿಯ ಹಮಾಲಿಗಳು ಮಲಗುತ್ತಿದ್ದರು. ಅವರ ಮೇಸ್ತ್ರಿ ನೂರುಲ್ಲಾ ಬೀಡಿ ತುಟಿಯಲ್ಲಿಟ್ಟುಕೊಂಡೇ ನಕ್ಕ.

"ಚಳಿಗಾಲಕ್ಕೆ ಅಲ್ಲಾ ಕೊಟ್ಟ ಒಲೆ ಮೇಡಂ ಇದು. ಇದನ್ನ ಬಿಟ್ಟು ಫುಟ್‌ಪಾತಲ್ಲಿ ನಡುಗ್ಕೊಂಡ್ ಮಲಗ್ಬೇಕಾ? ನೀವ್ ಕಾಲೇಜಲ್ಲಿ ಓದಿರೋದು ಸರಿ ಇರ್ಬಹುದು, ನಮಗೇನೂ ಆಗಿಲ್ಲವಲ್ಲ."

ಅವಳು ಎಷ್ಟು ಹೇಳಿದರೂ ಅವರ ಮುಖದ ನಗು ಆರಲಿಲ್ಲ. ಗೋದಾಮಿನ ಮಾಲೀಕ ಊರಲ್ಲಿರಲಿಲ್ಲ. ಸೋತು ಪ್ರಯೋಗಾಲಯಕ್ಕೆ ಹಿಂತಿರುಗಿದರೆ ಗೇಟಿನ ಹೊರಗೆ ಕಲ್ಲಿನ ಮೇಲೆ ಗೋಪಾಲಮ್ಮ ಕೂತಿದ್ದಳು.

"ಮಗಳು ಮೊಮ್ಮಗ ಸುಖವಾಗವ್ರೆ," ಎಂದಳು ಎದ್ದು ನಿಂತು. "ಈಗ ಮಗ ಊರೇ ಕಿತ್ತೋಗಂಗೆ ಅಳ್ತದೆ. ಅಳಿಯ ಬಂದು ಅವ್ರುನ್ನ ಊರಿಗೆ ಕರ್ಕಂಡೋದ. ಸಾವ್ಕಾರ್ರು ಯೋಳುದ್ರು, ಈ ಇದ್ಲು ಬ್ಯಾರೆ ಕಡೀಕೂ ಓಗೈತಂತೆ. ಎಲ್ಲೈತೆ?"

ಮುಸರ್ರತ್ ಹೇಳಿದಳು. ನೂರುಲ್ಲಾ ನಕ್ಕದ್ದನ್ನೂ ಹೇಳಿದಳು.

"ನಡೀರಿ. ನಾನು ಬತ್ತೀನಿ."

ಇಬ್ಬರೂ ಲಾರಿಗಳ ನಡುವೆ ನುಸುಳಿಕೊಂಡು ಮತ್ತೆ ಗೋದಾಮಿಗೆ ಬಂದಾಗ ಹಮಾಲಿಗಳು ಊಟ ಮುಗಿಸಿ ಕೋಣೆಯ ಮುಂದೆ ಬಿಸಿಲಿಗೆ ಕೂತಿದ್ದರು. ಗೋಪಾಲಮ್ಮ ನೇರ ಕೋಣೆಯೊಳಗೆ ಹೋಗಿ ಹಲಗೆಗೆ ಅಂಗೈ ಒತ್ತಿ ನೋಡಿದಳು. ಹೊರಗೆ ಬಂದು ಅವರೆದುರು ನಿಂತಳು. ದನಿ ಏರಿಸಲಿಲ್ಲ.

"ಇಂಗೇ ಬೆಚ್ಚಗಿತ್ತು ನಮ್ದೂವೆ," ಎಂದಳು. "ನನ್ ಗಂಡ ಇಂಥ ಗೋಡೆ ತಾವ ಮಲಗಿ ಏಳಲೇ ಇಲ್ಲ. ಮುಖ ಕೆಂಪಗೆ ಕಳೆ ಕಳೆಯಾಗಿತ್ತು. ನಾನು ದೇವ್ರು ಬಂದ ಅಂದ್ಕಂಡೆ. ಮಣ್ಣು ಮಾಡಿ ಬಂದು ಅದೇ ಗೋಡೆಗೆ ಕೈ ಮುಗುದೆ. ಬಾಣಂತಿ ಮಗಳನ್ನೂ ಕೂಸನ್ನೂ ಅದೇ ಜಾಗಕ್ಕೆ ತಂದು ಮಲಗಿಸ್ದೆ. ದೇವ್ರಲ್ಲ ಅದು, ಇದ್ಲಿನ ಇಸ ಅಂತ ಈವಮ್ಮ ಯೋಳುದ್ರು. ಯೋಳ್ದೆ ಇದ್ದಿದ್ರೆ ಇವತ್ತು ಆ ಕೂಸಿಗೂ ಕೈ ಮುಗೀತಿದ್ದೆ." ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಬೆಳಗ್ಗೆ ಎದ್ರೆ ತಲೆ ನೋಯ್ತದಾ ನಿಮ್ಗೆ?"

ಹಿಂದೆ ಕೂತಿದ್ದ ಒಬ್ಬ ನಿಧಾನವಾಗಿ ಹಣೆ ಮುಟ್ಟಿಕೊಂಡ. ನೂರುಲ್ಲಾ ಬೀಡಿ ನೆಲಕ್ಕೊತ್ತಿ ಎದ್ದು, ಒಳಗೆ ಹೋಗಿ ತನ್ನ ಹಾಸಿಗೆ ಸುತ್ತಿಕೊಂಡು ಹೊರಗೆ ತಂದ. ಆಮೇಲೆ ಉಳಿದವರೂ ಎದ್ದರು. ಮಂಡಿಯ ಕಮಿಟಿಯವರನ್ನು ಕಂಡು ಅವರಿಗೆ ಈರುಳ್ಳಿ ಶೆಡ್ಡಿನಲ್ಲಿ ಜಾಗ ಕೊಡಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೋದಾಮಿನ ಇದ್ದಲು ಆ ವಾರವೇ ಹೊರಬಿತ್ತು. ಒಳಗಿನದು ಆಗಲೇ ಬಿಸಿಯಾಗಿತ್ತೆಂದು ತೆಗೆದವರು ಹೇಳಿದರು.

ಮುಸರ್ರತ್ ಗೋಪಾಲಮ್ಮನನ್ನು ಬಸ್ಸಿಗೆ ಹತ್ತಿಸಲು ಹೋದವಳು ಮನಸ್ಸು ತಡೆಯದೆ ತಾನೂ ಹತ್ತಿದಳು. ಬಸ್ಸು ಹೆಬ್ಬಾಳ ದಾಟಿತು. ಯಲಹಂಕ ಹತ್ತಿರವಾದಾಗ ಗೋಪಾಲಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಪುಣ್ಯವಂತನ ಸಾವು, ಅಳಬಾರ್ದು ಅಂದ್ರು ಎಲ್ರೂ. ನಾನು ಅಳಲೇ ಇಲ್ಲ."

ಗೋಪಾಲಮ್ಮ ಸೆರಗು ಬಾಯಿಗೊತ್ತಿಕೊಂಡಳು. ಮೊದಲು ಭುಜ ಅದುರಿತು, ಆಮೇಲೆ ದನಿ ಹೊರಬಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ಹತ್ತಿರ ಬಂದವನು ಟಿಕೆಟು ಕೇಳದೆ ಹಿಂದಕ್ಕೆ ಸರಿದ. ರಾಜಾನುಕುಂಟೆ ಬಂದರೂ ಅವಳ ಅಳು ನಿಂತಿರಲಿಲ್ಲ. ಮುಸರ್ರತ್ ಅವಳ ಕೈ ಹಿಡಿದು ಇಳಿಸಿ, ಅವಳು ಈಗ ಇದ್ದ, ಕಾರ್ಖಾನೆಯ ಆಳುಗಳ ಮನೆಸಾಲಿನವರೆಗೆ ಜೊತೆಗೆ ನಡೆದಳು.